ಮೂರು ನಿಮಿಷದ ತಟ್ಟೆ, ಒಂದು ಜನ್ಮದ ಸಾಧನೆ
ತುಂಗಭದ್ರೆಯ ತೀರದಿಂದ ಜಾಝ್ ನಾಡಿನವರೆಗೆ ಹರಿದ ಸರೋದ್ ನಾದ

ರಾಯಚೂರು ಎಂದೊಡನೆ ಹೊರಗಿನವರಿಗೆ ಮೊದಲು ನೆನಪಾಗುವುದು ಅಲ್ಲಿನ ಬಿಸಿಲು. ಅನಂತರ ಬಂಡೆಗಲ್ಲಿನ ಕೋಟೆ, ಹತ್ತಿಯ ಅಂಡಿಗೆ, ರೈಲು ಜಂಕ್ಷನ್ನು. ಆದರೆ ಕೃಷ್ಣೆ ತುಂಗಭದ್ರೆಯರ ನಡುವಣ ಈ ಎಡೆದೊರೆ ನಾಡು ಹಾಡಿನ ನಾಡೂ ಹೌದು. ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ ಹುಟ್ಟಿದವರು ವಿಜಯದಾಸರು. ದೇವದುರ್ಗ ಸೀಮೆಯ ಮೊಸರಕಲ್ಲಿನವರು ಗೋಪಾಲದಾಸರು. ಬ್ಯಾಗವಾಟದಲ್ಲಿ ಜನಿಸಿ ಮಾನ್ವಿಯಲ್ಲಿ ನೆಲೆಸಿ, 32 ಸಂಧಿಗಳ 'ಹರಿಕಥಾಮೃತಸಾರ'ವನ್ನು ಕನ್ನಡಕ್ಕೆ ಕೊಟ್ಟು, 1809ರಲ್ಲಿ ಅಲ್ಲಿಯೇ ದೇಹವಿಟ್ಟವರು ಜಗನ್ನಾಥದಾಸರು. ಇವರ ಕಾಲದಲ್ಲಿ ಧ್ವನಿಯನ್ನು ಹಿಡಿದಿಡುವ ಯಂತ್ರವಿರಲಿಲ್ಲ. ಹಾಡಿದವರ ಕಂಠದಿಂದ ಕೇಳಿದವರ ಕಂಠಕ್ಕೆ, ತಾಯಿಯಿಂದ ಮಗಳಿಗೆ, ಗುರುವಿನಿಂದ ಶಿಷ್ಯನಿಗೆ ದಾಟಿ ದಾಟಿ ಆ ಪದಗಳು ನಮ್ಮವರೆಗೆ ಬಂದಿವೆ.

ಇದೇ ನೆಲದ ನಂಟುಳ್ಳ ಮತ್ತೊಂದು ನಾದದ ಕಥೆ ಇಪ್ಪತ್ತನೆಯ ಶತಮಾನದ್ದು. ಅದರಲ್ಲಿ ಯಂತ್ರವೂ ಉಂಟು, ಗುರುವೂ ಉಂಟು. ಗ್ರಾಮಾಫೋನಿನ ಕರಿಯ ತಟ್ಟೆ ಆ ನಾದವನ್ನು ಸಮುದ್ರ ದಾಟಿಸಿ ಅಮೆರಿಕದ ಜಾಝ್ ವಾದಕರ ಕಿವಿಗೆ ಮುಟ್ಟಿಸಿತು. ಅದೇ ನಾದವನ್ನು ಗುರುವಿನ ಎದುರು ಕುಳಿತು ಕಲಿಯಲೆಂದು ಕನ್ನಡದ ತರುಣನೊಬ್ಬ ತನ್ನ ಬದುಕಿನ ಸುಭದ್ರ ಹಾದಿಯನ್ನೇ ತೊರೆದ. ಆ ತರುಣನೇ ಮುಂದೆ ಸರೋದ್ ವಾದಕರೆಂದು ಜಗತ್ತಿಗೆ ಪರಿಚಿತರಾದ ಪಂಡಿತ ರಾಜೀವ ತಾರಾನಾಥರು.

ಹಮ್‌ದರ್ದ್ ಶಾಲೆ, ಪ್ರೇಮಾಯತನ

ರಾಜೀವರ ತಂದೆ ಪಂಡಿತ ತಾರಾನಾಥರ ಹೆಸರು ರಾಯಚೂರಿಗೆ ಹೊಸದಲ್ಲ. ಮಂಗಳೂರಿನಲ್ಲಿ 1891ರಲ್ಲಿ ಜನಿಸಿದ ಆ ಮಹನೀಯರು ವೈದ್ಯ, ಸಂಗೀತ, ಯೋಗ, ಸಾಹಿತ್ಯ ಎಲ್ಲದರಲ್ಲಿಯೂ ಕೈಯಾಡಿಸಿದವರು. 'ದೀನಬಂಧು ಕಬೀರ' ಎಂಬ ನಾಟಕವನ್ನು ಬರೆದವರು. ಅವರು ರಾಯಚೂರಿಗೆ ಬಂದು 1920ರ ಸುಮಾರಿಗೆ 'ಹಮ್‌ದರ್ದ್' ಶಾಲೆಯನ್ನು ಸ್ಥಾಪಿಸಿದರು. ಪರರ ನೋವಿನಲ್ಲಿ ಪಾಲುಗೊಳ್ಳುವವನು ಎಂಬುದು ಆ ಉರ್ದು ಪದದ ಅರ್ಥ. ಆಗ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಮಕ್ಕಳನ್ನು ಒಂದೆಡೆ ಕೂಡಿಸಿ ರಾಷ್ಟ್ರೀಯ ಭಾವನೆಯ ಶಿಕ್ಷಣ ಕೊಡುವುದು ಅಲ್ಲಿನ ಸರಕಾರಕ್ಕೆ ರುಚಿಸಲಿಲ್ಲ. ಕಡೆಗೆ ತಾರಾನಾಥರು ಸಂಸ್ಥಾನದ ಎಲ್ಲೆಯನ್ನೇ ದಾಟಬೇಕಾಯಿತು.

ಆ ಎಲ್ಲೆ ಬೇರೆ ಯಾವುದೂ ಅಲ್ಲ, ತುಂಗಭದ್ರಾ ನದಿ. ಹೊಳೆಯ ಆಚೆ ದಡ ಮದರಾಸು ಪ್ರಾಂತ. ಈಗ ಮಂತ್ರಾಲಯ ರೋಡ್ ಎಂದು ಕರೆಯಲಾಗುವ ರೈಲು ನಿಲ್ದಾಣವಿರುವ ತುಂಗಭದ್ರಾ ಗ್ರಾಮದ ಬಳಿ ಅವರು 'ಪ್ರೇಮಾಯತನ' ಎಂಬ ಆಶ್ರಮವನ್ನು ಕಟ್ಟಿದರು. 'ಪ್ರೇಮ' ಎಂಬ ಪತ್ರಿಕೆಯನ್ನು ನಡೆಸಿದರು. ರೋಗಿಗಳು, ಸಾಹಿತಿಗಳು, ಗಾಯಕರು, ಸ್ವಾತಂತ್ರ್ಯದ ಹಂಬಲಿಗರು ಎಲ್ಲರೂ ಬಂದು ಹೋಗುವ ತಾಣವಾಯಿತು ಅದು. ಇತ್ತ ರಾಯಚೂರಿನಲ್ಲಿ ಶಾಲೆ ಅಳಿಯಲಿಲ್ಲ. ಹಮ್‌ದರ್ದ್ ಹೆಸರು ಇಂದಿಗೂ ಊರಿನಲ್ಲಿ ಉಳಿದಿದೆ. ತಾರಾನಾಥ ಶಿಕ್ಷಣ ಸಂಸ್ಥೆ ಅವರ ಹೆಸರನ್ನು ಹೊತ್ತು ನಿಂತಿದೆ.

ರಾಜೀವರು ಹುಟ್ಟಿದ್ದು 1932ರ ಅಕ್ಟೋಬರ್ 17ರಂದು, ಬೆಂಗಳೂರಿನಲ್ಲಿ. ತಾಯಿ ಸುಮತೀಬಾಯಿಯವರು ತಮಿಳು ಮನೆತನದವರು. ಬಾಲಕನಿಗೆ ಸಂಗೀತದ ಮೊದಲ ಪಾಠ ತಂದೆಯಿಂದಲೇ ಆಯಿತು. ಕಲಿತದ್ದು ಹಾಡುಗಾರಿಕೆ. ಒಂಬತ್ತನೆಯ ವಯಸ್ಸಿಗೆ ಸಭೆಯ ಮುಂದೆ ಹಾಡಿದ ಹುಡುಗ ಹತ್ತು ತುಂಬುವ ವೇಳೆಗೆ ತಂದೆಯನ್ನು ಕಳೆದುಕೊಂಡ. ತಾರಾನಾಥರು 1942ರಲ್ಲಿ ತೀರಿಕೊಂಡರು. ಆದರೂ ಸಂಗೀತ ಕೈಬಿಡಲಿಲ್ಲ. ಇಪ್ಪತ್ತು ತುಂಬುವ ಮೊದಲೇ ಆಕಾಶವಾಣಿಯಲ್ಲಿ ಆತನ ಗಾಯನ ಬಿತ್ತರಗೊಂಡಿತು. ಓದಿನಲ್ಲಿಯೂ ಹಿಂದೆ ಬಿದ್ದವನಲ್ಲ. ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಾಸ ಮಾಡಿ ಅಧ್ಯಾಪಕನಾಗುವ ಎಲ್ಲ ಲಕ್ಷಣಗಳೂ ಇದ್ದವು.

ಅಷ್ಟರಲ್ಲಿ, ಐವತ್ತರ ದಶಕದ ಮೊದಲ ವರ್ಷಗಳಲ್ಲಿ, ಬೆಂಗಳೂರಿನ ಒಂದು ಕಛೇರಿಯಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ಕಿವಿಗೆ ಬಿದ್ದಿತು. ಅಲ್ಲಿಗೆ ಗಾಯಕನ ಹಾದಿ ತಿರುಗಿತು. ತರುಣ ಕಲ್ಕತ್ತೆಯ ದಾರಿ ಹಿಡಿದ.

ಗುಂಡಿಯಿಲ್ಲದ ವಾದ್ಯ

ಸರೋದಿನ ಸ್ವಭಾವವನ್ನು ಅರಿಯದೆ ಈ ನಿರ್ಧಾರದ ಭಾರ ತಿಳಿಯುವಂತಿಲ್ಲ. ವೀಣೆಗೆ ಮೆಟ್ಟಿಲುಗಳಿವೆ, ಸಿತಾರಿಗೆ ಪರದೆಗಳಿವೆ. ಬೆರಳು ಎಲ್ಲಿ ಒತ್ತಬೇಕೆಂಬುದನ್ನು ಅವು ತೋರಿಸುತ್ತವೆ. ಸರೋದಿಗೆ ಇವಾವುವೂ ಇಲ್ಲ. ನುಣುಪಾದ ಲೋಹದ ಹಲಗೆಯ ಮೇಲೆ ಎಡಗೈಯ ಉಗುರಿನಿಂದ ತಂತಿಯನ್ನು ಒತ್ತಿ ಜಾರಿಸಬೇಕು. ಬಲಗೈಯಲ್ಲಿ ತೆಂಗಿನ ಚಿಪ್ಪಿನಿಂದ ಮಾಡಿದ 'ಜವಾ' ಹಿಡಿದು ಮೀಟಬೇಕು. ಬುರುಡೆಯ ಮೇಲೆ ಬಿಗಿದಿರುವುದು ಆಡಿನ ಚರ್ಮ. ಸ್ವರಸ್ಥಾನ ಕಣ್ಣಿಗೆ ಕಾಣುವುದಲ್ಲ, ಕಿವಿಗೆ ಮಾತ್ರ ತಿಳಿಯುವುದು. ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ. ಚಿಕ್ಕಂದಿನಲ್ಲಿಯೇ ಉಗುರು ಬೆರಳು ಪಳಗದಿದ್ದರೆ ಈ ವಾದ್ಯ ಒಲಿಯದೆಂದು ಬಲ್ಲವರು ಹೇಳುತ್ತಾರೆ. ಇಪ್ಪತ್ತು ದಾಟಿದ ಮೇಲೆ ಇದನ್ನು ಕೈಗೆತ್ತಿಕೊಳ್ಳುವುದೆಂದರೆ, ಮಾತು ಬಲ್ಲವನು ಮತ್ತೆ ತೊದಲ್ನುಡಿ ಕಲಿಯಲು ಕುಳಿತಂತೆ.

ಕಲಿಸುವ ಮನೆತನವೂ ಸಾಮಾನ್ಯದ್ದಲ್ಲ. ಅಲಿ ಅಕ್ಬರರು ಮೈಹರ್‌ನ ಬಾಬಾ ಅಲ್ಲಾವುದ್ದೀನ್ ಖಾನರ ಮಗ. ಸಿತಾರಿನ ರವಿಶಂಕರರು ಅದೇ ಬಾಬಾರ ಶಿಷ್ಯರು. ಸುರಬಹಾರದ ಅನ್ನಪೂರ್ಣಾದೇವಿ ಬಾಬಾರ ಮಗಳು. ಸಿತಾರಿನ ನಿಖಿಲ ಬ್ಯಾನರ್ಜಿಯವರೂ ಆ ಮನೆಯವರೇ. ದಿನಕ್ಕೆ ಹದಿನೆಂಟು ಗಂಟೆ ಅಭ್ಯಾಸ ಮಾಡಿಸುತ್ತಿದ್ದ ಬಾಬಾರ ಶಿಸ್ತು ದೇಶಕ್ಕೆಲ್ಲ ಪ್ರಸಿದ್ಧ. ರಾಜೀವರಿಗೆ ಅಲಿ ಅಕ್ಬರರು ಗುರು. ಉಳಿದ ಹಿರಿಯರ ಮಾರ್ಗದರ್ಶನವೂ ದೊರೆಯಿತು.

ತಟ್ಟೆಯ ಮಹಿಮೆ, ತಟ್ಟೆಯ ಮಿತಿ

ಇಲ್ಲಿ ಗ್ರಾಮಾಫೋನಿನ ಮಾತು ಬರುತ್ತದೆ. ಭಾರತದಲ್ಲಿ ಗ್ರಾಮಾಫೋನ್ ಕಂಪನಿಯ ಮೊದಲ ಧ್ವನಿಮುದ್ರಣ ನಡೆದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಮೂರು, ಹೆಚ್ಚೆಂದರೆ ನಾಲ್ಕು ನಿಮಿಷದ ಸಂಗೀತ. ಒಂದು ರಾಗವನ್ನು ಒಂದು ಗಂಟೆ ಬೆಳೆಸುವ ವಿದ್ವಾಂಸರು ಆಲಾಪ, ಗತ್, ತಾನ್ ಎಲ್ಲವನ್ನೂ ಆ ಮೂರು ನಿಮಿಷದಲ್ಲಿ ಅಡಕಗೊಳಿಸಬೇಕಿತ್ತು.

ಅಲಿ ಅಕ್ಬರರ ಒಂದು ತಟ್ಟೆಯ ಕಥೆ ಸ್ವಾರಸ್ಯಕರವಾಗಿದೆ. ನಲವತ್ತರ ದಶಕದಲ್ಲಿ ಎಚ್.ಎಂ.ವಿ. ಕಂಪನಿಗಾಗಿ ನುಡಿಸುವಾಗ ಅವರು ಮಾಲಕೌಂಸ್, ಚಂದ್ರಕೌಂಸ್, ನಂದಕೌಂಸ್, ಕೌಶಿ ಕಾನಡಾ ರಾಗಗಳ ಛಾಯೆಯನ್ನು ಬೆರೆಸಿ ಸ್ಥಳದಲ್ಲಿಯೇ ಹೊಸದೊಂದನ್ನು ಹೆಣೆದರು. ಅದಕ್ಕೆ 'ಚಂದ್ರನಂದನ' ಎಂಬ ಹೆಸರಾಯಿತು. ತಟ್ಟೆ ಜನಪ್ರಿಯವಾಗಿ, ಸಭೆಗಳಲ್ಲಿ ಶ್ರೋತೃಗಳು ಅದನ್ನೇ ಕೇಳತೊಡಗಿದರು. ಆಗ ರಾಗದ ಕರ್ತೃವೇ ತಮ್ಮ ತಟ್ಟೆಯನ್ನು ಹಾಕಿಕೊಂಡು, ಅಂದು ತಾವು ನುಡಿಸಿದ್ದನ್ನು ಮತ್ತೆ ಕಲಿಯಬೇಕಾಯಿತು! ಕ್ಷಣದಲ್ಲಿ ಹುಟ್ಟಿ ಕ್ಷಣದಲ್ಲಿ ಮಾಯವಾಗಬೇಕಾಗಿದ್ದ ರಾಗವನ್ನು ಯಂತ್ರ ಉಳಿಸಿಕೊಟ್ಟಿತು. ಇದು ತಟ್ಟೆಯ ಮಹಿಮೆ. ಮುಂದೆ ಅರವತ್ತರ ದಶಕದಲ್ಲಿ ದೀರ್ಘ ತಟ್ಟೆಯಲ್ಲಿ ಅದೇ ರಾಗವನ್ನು ಇಪ್ಪತ್ತು ನಿಮಿಷಕ್ಕೂ ಮಿಗಿಲಾಗಿ ನುಡಿಸಿದಾಗಲೇ ಅದರ ಪೂರ್ಣರೂಪ ಲೋಕಕ್ಕೆ ಕಂಡದ್ದು. ಇದು ಹಳೆಯ ತಟ್ಟೆಯ ಮಿತಿ.

ಅಮೆರಿಕದ ಜಾಝ್ ಸಂಗೀತದ ಹಣೆಬರಹವೂ ಇದೇ ತೆರನಾದುದು. ನ್ಯೂ ಆರ್ಲಿಯನ್ಸ್ ನಗರದ ಕರಿಯ ಜನರ ನೋವು ನಲಿವುಗಳಿಂದ ಚಿಗುರಿದ ಈ ಸಂಗೀತದ ಮೊದಲ ತಟ್ಟೆ ಹೊರಬಂದದ್ದು 1917ರಲ್ಲಿ. ಅದನ್ನು ನುಡಿಸಿದವರಾದರೋ ಬಿಳಿಯರ ತಂಡ. ಕರಿಯ ಕಲಾವಿದರ ಪ್ರತಿಭೆ ಏನೆಂಬುದನ್ನು ಮನೆಮನೆಗೆ ಸಾರಿದ ತಟ್ಟೆಗಳು 1925ರಿಂದ 1928ರವರೆಗೆ ಲೂಯಿ ಆರ್ಮ್‌ಸ್ಟ್ರಾಂಗ್ ನುಡಿಸಿದವು. ತುತ್ತೂರಿಯಂಥ ಟ್ರಂಪೆಟ್ ವಾದ್ಯದಲ್ಲಿ ಆತ ಮನೋಧರ್ಮಕ್ಕೆ ಪಟ್ಟ ಕಟ್ಟಿದ. ಆತನಿಗೂ ಇದ್ದದ್ದು ಮೂರೇ ನಿಮಿಷ. ಗೌಹರ್ ಜಾನ್ ಮತ್ತು ಆರ್ಮ್‌ಸ್ಟ್ರಾಂಗ್ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಇಬ್ಬರನ್ನೂ ಒಂದೇ ಅಳತೆಯ ಅಚ್ಚಿನಲ್ಲಿ ಎರಕ ಹೊಯ್ದದ್ದು ಆ ಕರಿಯ ತಟ್ಟೆ.

ಅಮೆರಿಕದ ಕೊಲಂಬಿಯಾ ಕಂಪನಿ 1948ರಲ್ಲಿ ನಿಮಿಷಕ್ಕೆ 33 1/3 ಸುತ್ತಿನ ದೀರ್ಘ ತಟ್ಟೆಯನ್ನು ಬಿಡುಗಡೆ ಮಾಡಿತು. ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ ಅವಕಾಶ. ಜಾಝ್ ವಾದಕನಿಗೂ ಉಸಿರಾಡಲು ಎಡೆ ದೊರೆಯಿತು, ನಮ್ಮ ರಾಗಕ್ಕೂ ಕಾಲು ಚಾಚಲು ಜಾಗ ಸಿಕ್ಕಿತು.

ಜಾಝ್ ನಾಡಿನ ಕಿವಿಗೆ

ಪಿಟೀಲು ವಾದಕ ಯೆಹೂದಿ ಮೆನುಹಿನ್ನರ ಆಹ್ವಾನದ ಮೇಲೆ ಅಲಿ ಅಕ್ಬರರು 1955ರಲ್ಲಿ ನ್ಯೂಯಾರ್ಕಿಗೆ ಹೋದರು. ಅಲ್ಲಿ ತಬಲಾದ ಚತುರಲಾಲರೊಡನೆ ಧ್ವನಿಮುದ್ರಿಸಿದ ಮುದ್ರಿಕೆಯ ಆರಂಭದಲ್ಲಿ ಮೆನುಹಿನ್ನರೇ ಪರಿಚಯದ ಮಾತು ಹೇಳಿದರು. ಭಾರತೀಯ ಶಾಸ್ತ್ರೀಯ ಸಂಗೀತದ ಮೊತ್ತಮೊದಲ ದೀರ್ಘ ತಟ್ಟೆಗಳ ಸಾಲಿನಲ್ಲಿ ಅದು ಅಗ್ರಗಣ್ಯವಾದುದು. ಅನಂತರ ರವಿಶಂಕರರ ಮುದ್ರಿಕೆಗಳನ್ನು ಅಮೆರಿಕದಲ್ಲಿ ಹೊರತಂದದ್ದು ವರ್ಲ್ಡ್ ಪೆಸಿಫಿಕ್ ಎಂಬ ಕಂಪನಿ. ಅದು ಜಾಝ್ ತಟ್ಟೆಗಳಿಗೆ ಹೆಸರಾದ ಕಂಪನಿ ಎಂಬುದು ಗಮನಾರ್ಹ. ಜಾಝ್ ಕೊಳ್ಳಲು ಅಂಗಡಿಗೆ ಬಂದವನ ಕೈಗೆ ರಾಗದ ತಟ್ಟೆಯೂ ಸಿಗುವಂತಾಯಿತು. 1962ರಲ್ಲಿ ಹೊರಬಂದ ರವಿಶಂಕರರ 'ಇಂಪ್ರೊವೈಸೇಷನ್ಸ್' ಮುದ್ರಿಕೆಯಲ್ಲಿ ಬಡ್ ಶ್ಯಾಂಕ್ ಎಂಬ ಜಾಝ್ ಕೊಳಲುವಾದಕ ನುಡಿಸಿದ್ದಾನೆ.

ಜಾಝ್‌ನಲ್ಲಿಯೂ ಆಗ ಹುಡುಕಾಟ ನಡೆದಿತ್ತು. ಅಲ್ಲಿನ ರೂಢಿಯಲ್ಲಿ ಹಲವು ಸ್ವರಗಳ ಗೊಂಚಲುಗಳು ಒಂದರ ಹಿಂದೊಂದು ವೇಗವಾಗಿ ಬದಲಾಗುತ್ತವೆ. ವಾದಕನ ಕಲ್ಪನೆ ಅವುಗಳ ಬೆನ್ನು ಹತ್ತಬೇಕು. ಈ ಓಟದಿಂದ ದಣಿದವರಲ್ಲಿ ಮೈಲ್ಸ್ ಡೇವಿಸ್ ಒಬ್ಬ. ಆತ 1959ರಲ್ಲಿ 'ಕೈಂಡ್ ಆಫ್ ಬ್ಲೂ' ಎಂಬ ಮುದ್ರಿಕೆಗಾಗಿ ಜೊತೆಗಾರರಿಗೆ ಸ್ವರಶ್ರೇಣಿಗಳ ಸ್ಥೂಲ ರೇಖೆಯನ್ನಷ್ಟೇ ಕೊಟ್ಟು, ಅದರೊಳಗೆ ನಿಧಾನವಾಗಿ ವಿಹರಿಸಲು ಬಿಟ್ಟ. ಆರೋಹಣ ಅವರೋಹಣಗಳ ಕಟ್ಟಿನೊಳಗೆ ಸ್ವಾತಂತ್ರ್ಯ ಕಾಣುವ ನಮ್ಮ ರಾಗಪದ್ಧತಿಗೆ ಈ ಮಾರ್ಗ ಎಷ್ಟು ಸಮೀಪದ್ದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ತಂಡದಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಜಾನ್ ಕೋಲ್ಟ್ರೇನ್ ಇನ್ನೂ ಮುಂದೆ ನಡೆದ. ರವಿಶಂಕರರ ತಟ್ಟೆಗಳನ್ನು ಆತ ಮನಸ್ಸಿಟ್ಟು ಆಲಿಸುತ್ತಿದ್ದ. 1961ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ನುಡಿಸಿದ ತನ್ನ ಕೃತಿಗೆ 'ಇಂಡಿಯಾ' ಎಂದೇ ಹೆಸರಿಟ್ಟ. ಎರಡು ದೊಡ್ಡ ಬಾಸ್ ವಾದ್ಯಗಳು ತಂಬೂರಿಯ ಶ್ರುತಿಯಂತೆ ತಳದಲ್ಲಿ ಮೊರೆಯುತ್ತಿರಲು ಅವನ ಸ್ಯಾಕ್ಸೊಫೋನ್ ಮೇಲೆ ಸುತ್ತುತ್ತದೆ. 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂಬ ಹೆಸರು ಕೊಟ್ಟ. ರವಿಶಂಕರರ ಬಳಿ ದೀರ್ಘಕಾಲ ಕುಳಿತು ಕಲಿಯುವ ಆಸೆ ಅವನಿಗಿತ್ತು. 1967ರಲ್ಲಿ, ನಲವತ್ತರ ಹರೆಯದಲ್ಲಿ, ಮರಣ ಅದಕ್ಕೆ ಎಡೆಗೊಡಲಿಲ್ಲ. ತಟ್ಟೆ ಅವನನ್ನು ಗುರುವಿನ ಬಾಗಿಲವರೆಗೆ ಕರೆದೊಯ್ದಿತು. ಒಳಗೆ ಹೋಗಲು ಆಯುಷ್ಯ ಸಾಲಲಿಲ್ಲ.

ಅಲಿ ಅಕ್ಬರರ ಜೊತೆಯಲ್ಲಿ ಕುಳಿತ ಜಾಝ್ ವಾದಕ ಜಾನ್ ಹ್ಯಾಂಡಿ. 1975ರಲ್ಲಿ ಇವರಿಬ್ಬರೂ ಜಾಕಿರ್ ಹುಸೇನರ ತಬಲಾದೊಡನೆ ಧ್ವನಿಮುದ್ರಿಸಿದ 'ಕರುಣಾ ಸುಪ್ರೀಮ್' ಇಂದಿಗೂ ರಸಿಕರ ಮೆಚ್ಚಿನದು. ಕೋಲ್ಟ್ರೇನನ ಸುಪ್ರಸಿದ್ಧ 'ಎ ಲವ್ ಸುಪ್ರೀಮ್' ಮುದ್ರಿಕೆಯನ್ನು ನೆನಪಿಸುವ ಹೆಸರಿನಲ್ಲಿ ನಮ್ಮ ಕರುಣೆ ಸೇರಿಕೊಂಡಿದೆ. ಅದರಲ್ಲಿ ಸರೋದ್ ಕೇಳುತ್ತದೆ, ಸ್ಯಾಕ್ಸೊಫೋನ್ ಉತ್ತರಿಸುತ್ತದೆ. ಇಬ್ಬರೂ ತಮ್ಮ ಭಾಷೆ ಬಿಡದೆ ಮಾತನಾಡುತ್ತಾರೆ.

ಕನ್ನಡನಾಡಿನ ಬೇರೆ ಮೂಲೆಗಳಿಂದಲೂ ಈ ಮಾತುಕತೆಗೆ ದನಿ ಸೇರಿದೆ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಲಾಶಾಲೆಯ ಕಲಾವಿದರು, ಗಾಯಕಿ ಆರ್.ಎ. ರಮಾಮಣಿಯವರೊಡಗೂಡಿ, ಅಮೆರಿಕದ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ 'ಜ್ಯೋತಿ' ಮುದ್ರಿಕೆಯನ್ನು ನೀಡಿದರು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿಯೇ ಕರ್ನಾಟಕ ಸಂಗೀತವನ್ನು ನುಡಿಸಿ, ರುದ್ರೇಶ್ ಮಹಾಂತಪ್ಪನವರೊಡನೆ 2008ರಲ್ಲಿ 'ಕಿನ್ಸ್‌ಮೆನ್' ಎಂಬ ಮುದ್ರಿಕೆಯನ್ನು ಕೊಟ್ಟರು.

ಪ್ರಾಧ್ಯಾಪಕನೋ, ವಾದಕನೋ?

ಇತ್ತ ರಾಜೀವರ ಪಾಡೇನು? ಗುರುಗಳು ಹೆಚ್ಚು ಹೆಚ್ಚಾಗಿ ವಿದೇಶಗಳಲ್ಲಿ ಇರತೊಡಗಿದರು. 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರ ಸಂಗೀತ ಕಾಲೇಜು ಆರಂಭವಾಯಿತು. ಶಿಷ್ಯನಿಗೆ ಹೊಟ್ಟೆಪಾಡಿನ ಪ್ರಶ್ನೆ. ರಾಜೀವರು ಎಲಿಯಟ್ ಕವಿಯ ಕಾವ್ಯದಲ್ಲಿನ ಪ್ರತಿಮೆಗಳನ್ನು ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ತಿರುಚಿನಾಪಳ್ಳಿ, ಏಡನ್, ಹೈದರಾಬಾದುಗಳಲ್ಲಿ ಇಂಗ್ಲಿಷ್ ಕಲಿಸಿದರು. ನವ್ಯ ಸಾಹಿತ್ಯದ ಗೆಳೆಯರ ಬಳಗದಲ್ಲಿ ತೀಕ್ಷ್ಣ ವಿಮರ್ಶಕರೆನಿಸಿದರು. 1970ರ 'ಸಂಸ್ಕಾರ' ಚಿತ್ರಕ್ಕೂ 1976ರ 'ಪಲ್ಲವಿ'ಗೂ ಸಂಗೀತ ಒದಗಿಸಿದರು. ಮಲಯಾಳದ ಅರವಿಂದನ್ನರ 'ಕಾಂಚನ ಸೀತಾ'ದ ಸಂಗೀತವೂ ಅವರದೇ.

ಹಗಲು ಎಲಿಯಟ್, ಇರುಳು ಯಮನ್ ಎಂಬ ಈ ಬಾಳು ಎಷ್ಟು ಕಾಲ ಸಾಗೀತು? ಸರೋದ್ ಎರಡನೆಯ ಸ್ಥಾನವನ್ನು ಒಪ್ಪುವ ವಾದ್ಯವಲ್ಲ. ನಾಲ್ಕು ದಿನ ಬಿಟ್ಟರೆ ಉಗುರು ಹದ ತಪ್ಪುತ್ತದೆ, ಬೆರಳು ದಾರಿ ಮರೆಯುತ್ತದೆ. ಕಡೆಗೊಮ್ಮೆ ರಾಜೀವರು ಪ್ರಾಧ್ಯಾಪಕ ಪದವಿಗೆ ರಾಜೀನಾಮೆ ಕೊಟ್ಟು ಪೂರ್ಣವಾಗಿ ವಾದ್ಯಕ್ಕೆ ಒಪ್ಪಿಸಿಕೊಂಡರು. ತಿಂಗಳ ಮೊದಲ ತಾರೀಖಿನ ಸಂಬಳವನ್ನು ಬಿಟ್ಟು ನಡುವಯಸ್ಸಿನಲ್ಲಿ ಹೀಗೆ ಹೊರಬೀಳುವುದು ಎಂಥ ಎದೆಗಾರಿಕೆಯ ಕೆಲಸವೆಂಬುದನ್ನು ಸಂಸಾರವಂದಿಗರಿಗೆ ವಿವರಿಸಬೇಕಾಗಿಲ್ಲ. ತಂದೆ ಒಂದು ತತ್ತ್ವಕ್ಕಾಗಿ ಹೊಳೆ ದಾಟಿದರು. ಮಗ ಒಂದು ನಾದಕ್ಕಾಗಿ ವೃತ್ತಿಯನ್ನು ದಾಟಿದರು.

ಅದರ ಫಲ ತಡವಾಗಿಯಾದರೂ ಕೈಗೂಡಿತು. 1989ರಿಂದ 1992ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಮೈಹರ್ ಘರಾಣೆಯ ಶಿಕ್ಷಣಕ್ರಮವನ್ನು ಅಧ್ಯಯನ ಮಾಡಿದರು. 1995ರಿಂದ 2005ರವರೆಗೆ ಲಾಸ್ ಏಂಜಲೀಸ್ ಬಳಿಯ ಕ್ಯಾಲಿಫೋರ್ನಿಯಾ ಕಲಾ ಸಂಸ್ಥೆಯಲ್ಲಿ ಭಾರತೀಯ ಸಂಗೀತದ ಹೊಣೆ ಹೊತ್ತರು. ಅದೇ ಸಂಸ್ಥೆಯಲ್ಲಿ ಜಾಝ್ ಶಿಕ್ಷಣವನ್ನು 1982ರಲ್ಲಿ ಆರಂಭಿಸಿದವರು ಹೆಸರಾಂತ ಬಾಸ್ ವಾದಕ ಚಾರ್ಲಿ ಹೇಡನ್. ಒಂದೇ ಸೂರಿನ ಕೆಳಗೆ ಒಂದು ಕಡೆ ಜಾಝ್, ಇನ್ನೊಂದು ಕಡೆ ತುಂಗಭದ್ರೆಯ ತೀರದಿಂದ ಬಂದ ಸರೋದ್! 'ಓವರ್ ದಿ ಮೂನ್', 'ರಿಫ್ಲೆಕ್ಷನ್ಸ್ ಅರೌಂಡ್ ನೂನ್' ಮೊದಲಾದ ಮುದ್ರಿಕೆಗಳು ಅವರ ಬೆರಳಿನ ಗಾಂಭೀರ್ಯಕ್ಕೆ ಸಾಕ್ಷಿ. ತಂತಿಯ ಮೇಲೂ ಅವರು ಗಾಯಕರೇ. ಬಾಲ್ಯದಲ್ಲಿ ತಂದೆಯಿಂದ ಕಲಿತ ಹಾಡು ಸರೋದಿನ ಮೀಂಡಿನಲ್ಲಿ ಮರಳಿ ಕೇಳಿಸುತ್ತದೆ. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2019ರಲ್ಲಿ ಪದ್ಮಶ್ರೀ, ಹೀಗೆ ಗೌರವಗಳೂ ಅರಸಿ ಬಂದವು. ಗುರು ಅಲಿ ಅಕ್ಬರರು 2009ರಲ್ಲಿ ಕಾಲವಶರಾಗುವವರೆಗೂ ರಾಜೀವರು ತಮ್ಮನ್ನು ಶಿಷ್ಯನೆಂದೇ ಎಣಿಸಿಕೊಂಡರು. 2024ರ ಜೂನ್ 11ರಂದು, ತೊಂಬತ್ತೊಂದರ ವಯಸ್ಸಿನಲ್ಲಿ, ಮೈಸೂರಿನಲ್ಲಿ ಅವರು ಕೊನೆಯುಸಿರೆಳೆದರು.

ಉಳಿಯುವುದು ಯಾವುದು?

ತಟ್ಟೆ ಹೆಚ್ಚೋ ಗುರು ಹೆಚ್ಚೋ ಎಂಬ ವಾದ ಸಂಗೀತಲೋಕದಲ್ಲಿ ಹಳೆಯದು. ತಟ್ಟೆ ಇರದಿದ್ದರೆ ನ್ಯೂಯಾರ್ಕಿನ ಕೋಲ್ಟ್ರೇನನಿಗೆ ಮೈಹರ್‌ನ ವಿದ್ಯೆಯ ಪರಿಮಳ ಮುಟ್ಟುತ್ತಿರಲಿಲ್ಲ. ಆರ್ಮ್‌ಸ್ಟ್ರಾಂಗನ ಉಸಿರು ನಮಗೆ ಕೇಳುತ್ತಿರಲಿಲ್ಲ. ಆದರೆ ತಪ್ಪಿದಾಗ ತಿದ್ದುವ ಶಕ್ತಿ ತಟ್ಟೆಗಿಲ್ಲ. ನೂರು ಸಲ ಹಾಕಿದರೂ ಅದು ಹೇಳಿದ್ದನ್ನೇ ಹೇಳೀತು. ಶಿಷ್ಯನ ಮುಖ ನೋಡಿ ಇಂದು ಈ ಸ್ವರ ಸಾಕು, ನಾಳೆ ಮುಂದಿನದು ಎನ್ನುವ ವಿವೇಕ ಗುರುವಿಗೆ ಮಾತ್ರ ಉಂಟು. ಈ ಕಾರಣದಿಂದಲೇ ಕೋಲ್ಟ್ರೇನನೂ ತಟ್ಟೆಯಿಂದ ತೃಪ್ತನಾಗದೆ ಗುರುವನ್ನು ಬಯಸಿದ. ರಾಜೀವರೂ ಉದ್ಯೋಗ ತೊರೆದದ್ದು ಈ ಕಾರಣಕ್ಕೇ.

ರಾಯಚೂರು ಈ ಸತ್ಯವನ್ನು ಬಹುಕಾಲದಿಂದ ಬಲ್ಲದು. ಅಲ್ಲಿನ ಜಿಲ್ಲಾ ರಂಗಮಂದಿರಕ್ಕೆ ವಚನಗಾಯನದಿಂದ ನಾಡಿಗೆ ಪ್ರಿಯರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿದೆ. ಮಾನ್ವಿಯ ಮನೆಗಳಲ್ಲಿ ದಾಸರ ಪದಗಳು ಧ್ವನಿಸುರುಳಿಗಳಿಂದಲೂ ಕೇಳಿಬಂದಿವೆ, ಅಜ್ಜಿಯರ ಬಾಯಿಂದಲೂ ಕೇಳಿಬರುತ್ತವೆ. ಸುರುಳಿಯಿಂದ ಕಲಿತ ಪದದಲ್ಲಿ ಧಾಟಿ ಇರುತ್ತದೆ. ಅಜ್ಜಿಯಿಂದ ಕಲಿತದ್ದರಲ್ಲಿ ಧಾಟಿಯ ಜೊತೆಗೆ, ಹಾಡುತ್ತ ಹಾಡುತ್ತ ಆಕೆ ಎಲ್ಲಿ ತಡೆದು ನಿಂತಳು, ಏಕೆ ನಿಂತಳು ಎಂಬುದೂ ಇರುತ್ತದೆ. ಮನೆಯಲ್ಲಿ ಒಳ್ಳೆಯ ಮುದ್ರಿಕೆಗಳನ್ನು ಕೂಡಿಡುವುದು ಮೆಚ್ಚತಕ್ಕ ಹವ್ಯಾಸ. ಅದರೊಡನೆ ಹಾಡಬಲ್ಲ ಹಿರಿಯರೊಬ್ಬರ ಎದುರು ಮಕ್ಕಳನ್ನು ಒಂದು ಗಳಿಗೆ ಕೂರಿಸುವ ಪದ್ಧತಿಯೂ ಉಳಿದರೆ, ಮುಂದಿನ ತಲೆಮಾರಿಗೆ ತಟ್ಟೆಯೂ ಇದ್ದೀತು, ಅದರೊಳಗಿನ ಪ್ರಾಣವೂ ಇದ್ದೀತು.